ಅಮೆರಿಕದ ವಿಶ್ವವಿದ್ಯಾಲಯಗಳ ಚಿಯರ್‌ಲೀಡಿಂಗ್ ಮತ್ತು ಪಾಮ್ ನೃತ್ಯ ತಂಡಗಳು

ಚಿಯರ್‌ಲೀಡಿಂಗ್ ಎಂಬುದು ಕ್ರೀಡಾಪಂದ್ಯಗಳ ಸಂದರ್ಭದಲ್ಲಿ ಘೋಷಣೆ, ಲಯಬದ್ಧ ಅಂಗಚಲನೆ, ನೃತ್ಯ, ಲಾಗ ಮತ್ತು ಮಾನವ ಪಿರಮಿಡ್ಡುಗಳ ಮೂಲಕ ಆಟಗಾರರನ್ನೂ ಪ್ರೇಕ್ಷಕರನ್ನೂ ಹುರಿದುಂಬಿಸುವ ಸಂಘಟಿತ ಚಟುವಟಿಕೆಯಾಗಿದೆ. ಇದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ವಿಶ್ವವಿದ್ಯಾಲಯಗಳಲ್ಲಿ ಹುಟ್ಟಿಕೊಂಡಿತು. ಕೈಯಲ್ಲಿ ಬಣ್ಣದ ಕುಚ್ಚುಗಳನ್ನು ಹಿಡಿದು ಸಾಮೂಹಿಕವಾಗಿ ಮಾಡುವ ನೃತ್ಯಕ್ಕೆ ಪಾಮ್ ನೃತ್ಯ ಎಂದು ಹೆಸರು. ಈ ಕುಚ್ಚುಗಳನ್ನು ಪಾಮ್ ಅಥವಾ ಪಾಮ್‌ಪಾಮ್ ಎಂದು ಕರೆಯುತ್ತಾರೆ. ಇಂದು ಅಮೆರಿಕದ ಬಹುತೇಕ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಈ ಎರಡೂ ಬಗೆಯ ತಂಡಗಳಿವೆ. ಸದಸ್ಯರನ್ನು ಸಾಮಾನ್ಯವಾಗಿ ಪ್ರತಿವರ್ಷ ಟ್ರೈಔಟ್ ಎಂಬ ಆಯ್ಕೆ ಪರೀಕ್ಷೆಯ ಮೂಲಕ ಹೊಸದಾಗಿ ಆರಿಸಲಾಗುತ್ತದೆ.

ಮೈದಾನದ ಬದಿಯಲ್ಲಿ ನಿಂತು ಘೋಷಣೆ ಕೂಗುವ ವಿದ್ಯಾರ್ಥಿಗಳ ಗುಂಪಾಗಿ ಆರಂಭವಾದ ಈ ಚಟುವಟಿಕೆಯು ಕಾಲಕ್ರಮೇಣ ಕಠಿಣ ದೈಹಿಕ ತರಬೇತಿಯನ್ನು ಬೇಡುವ ಸ್ಪರ್ಧಾತ್ಮಕ ಕಲೆಯಾಗಿ ಬೆಳೆದಿದೆ. ಆದರೂ ಇದು ಕ್ರೀಡೆಯೇ ಅಲ್ಲವೇ ಎಂಬ ಪ್ರಶ್ನೆ ಅಮೆರಿಕದ ನ್ಯಾಯಾಲಯಗಳವರೆಗೂ ಹೋಗಿದೆ. ಈ ಪ್ರಶ್ನೆಗೆ ದೊರೆಯುವ ಉತ್ತರವು ತಂಡ ಸೇರುವ ವಿದ್ಯಾರ್ಥಿಗೆ ಸಿಗುವ ವಿದ್ಯಾರ್ಥಿವೇತನ, ವೈದ್ಯಕೀಯ ನೆರವು ಮತ್ತು ಸುರಕ್ಷತಾ ವ್ಯವಸ್ಥೆಗಳ ಮೇಲೆ ನೇರ ಪರಿಣಾಮ ಬೀರುತ್ತದೆ.

ಇತಿಹಾಸ

ಆರಂಭದ ದಿನಗಳು

ಪಂದ್ಯದ ವೇಳೆ ಗುಂಪಾಗಿ ಘೋಷಣೆ ಕೂಗುವ ಪದ್ಧತಿಯು ನ್ಯೂಜೆರ್ಸಿಯ ಪ್ರಿನ್ಸ್‌ಟನ್‌ನಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೂಢಿಗೆ ಬಂದಿತು. ಅಲ್ಲಿಯ ಪದವೀಧರನಾದ ಥಾಮಸ್ ಪೀಬಲ್ಸ್ 1884ರಲ್ಲಿ ಈ ಪದ್ಧತಿಯನ್ನು ಮಿನೆಸೋಟ ವಿಶ್ವವಿದ್ಯಾಲಯಕ್ಕೆ ಪರಿಚಯಿಸಿದನು. 1898ರಲ್ಲಿ ಮಿನೆಸೋಟದ ಫುಟ್‌ಬಾಲ್ ತಂಡವು ಸಾಲು ಸೋಲುಗಳಿಂದ ಕಂಗೆಟ್ಟಿದ್ದಾಗ ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿಯು ನವೆಂಬರ್ 2ರಂದು ಪ್ರೇಕ್ಷಕರ ಎದುರು ನಿಂತು ಘೋಷಣೆಯ ಮುಂದಾಳತ್ವ ವಹಿಸಿದನು. ಈತನನ್ನು ಮೊದಲ ಚಿಯರ್‌ಲೀಡರ್ ಎಂದು ಪರಿಗಣಿಸಲಾಗುತ್ತದೆ. ಇದಾದ ಬಳಿಕ ಆ ವಿಶ್ವವಿದ್ಯಾಲಯವು ಆರು ಮಂದಿ ಪುರುಷ ವಿದ್ಯಾರ್ಥಿಗಳ ಘೋಷಣಾ ತಂಡವೊಂದನ್ನು ರಚಿಸಿತು.

ಮೊದಲ ಕೆಲವು ದಶಕಗಳಲ್ಲಿ ಚಿಯರ್‌ಲೀಡಿಂಗ್ ಸಂಪೂರ್ಣವಾಗಿ ಪುರುಷರ ಕ್ಷೇತ್ರವಾಗಿತ್ತು. ಫುಟ್‌ಬಾಲ್ ತಂಡದಲ್ಲಿರುವಷ್ಟೇ ಗೌರವ ಚಿಯರ್‌ಲೀಡರ್ ಸ್ಥಾನಕ್ಕೂ ಇತ್ತು. ಮುಂದೆ ಅಮೆರಿಕದ ಅಧ್ಯಕ್ಷರಾದ ಡ್ವೈಟ್ ಐಸೆನ್‌ಹೋವರ್ ಅವರು ಮೊಣಕಾಲಿನ ಗಾಯದಿಂದ ಫುಟ್‌ಬಾಲ್ ಬಿಡಬೇಕಾಗಿ ಬಂದಾಗ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಚಿಯರ್‌ಲೀಡರ್ ಆಗಿದ್ದರು. ಜಾರ್ಜ್ ಡಬ್ಲ್ಯೂ. ಬುಷ್ ಅವರೂ ವಿದ್ಯಾರ್ಥಿ ದೆಸೆಯಲ್ಲಿ ಚಿಯರ್‌ಲೀಡರ್ ಆಗಿದ್ದರು.

ಮಹಿಳೆಯರ ಪ್ರವೇಶ

1923ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಮಹಿಳೆಯರಿಗೆ ತಂಡದಲ್ಲಿ ಅವಕಾಶ ದೊರೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪುರುಷ ವಿದ್ಯಾರ್ಥಿಗಳು ಸೈನ್ಯಕ್ಕೆ ಹೋದುದರಿಂದ ತೆರವಾದ ಸ್ಥಾನಗಳನ್ನು ವಿದ್ಯಾರ್ಥಿನಿಯರು ತುಂಬಿದರು. ಯುದ್ಧಾನಂತರ ಈ ಚಟುವಟಿಕೆಯಲ್ಲಿ ಮಹಿಳೆಯರೇ ಬಹುಸಂಖ್ಯಾತರಾದರು.

ಇದೇ ಅವಧಿಯಲ್ಲಿ ನೃತ್ಯ ತಂಡಗಳ ಪರಂಪರೆಯೂ ರೂಪುಗೊಂಡಿತು. ಟೆಕ್ಸಾಸ್‌ನ ಕಿಲ್ಗೋರ್ ಕಾಲೇಜಿನಲ್ಲಿ ಗಸ್ಸಿ ನೆಲ್ ಡೇವಿಸ್ ಅವರು ಕಟ್ಟಿದ ಕಿಲ್ಗೋರ್ ರೇಂಜರೆಟ್ಸ್ ತಂಡವು 1940ರಲ್ಲಿ ಪಂದ್ಯದ ವಿರಾಮದ ವೇಳೆ ಮೊದಲ ಪ್ರದರ್ಶನ ನೀಡಿತು. ಸಾಲಾಗಿ ನಿಂತು ಏಕಕಾಲಕ್ಕೆ ಕಾಲೆತ್ತುವ, ಕವಾಯತನ್ನು ಹೋಲುವ ಇವರ ಶೈಲಿಯು ಇಂದಿನ ಕಾಲೇಜು ನೃತ್ಯ ತಂಡಗಳ ಮೂಲಗಳಲ್ಲೊಂದು.

ಸಂಘಟನೆ ಮತ್ತು ತರಬೇತಿ ಶಿಬಿರಗಳು

ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಮಾಜಿ ಚಿಯರ್‌ಲೀಡರ್ ಲಾರೆನ್ಸ್ ಹರ್ಕಿಮರ್ 1948ರಲ್ಲಿ ಟೆಕ್ಸಾಸ್‌ನಲ್ಲಿ ಮೊದಲ ತರಬೇತಿ ಶಿಬಿರವನ್ನು ನಡೆಸಿದರು. ಅದರಲ್ಲಿ 52 ಹುಡುಗಿಯರು ಮತ್ತು ಒಬ್ಬನೇ ಒಬ್ಬ ಹುಡುಗ ಪಾಲ್ಗೊಂಡಿದ್ದರು. ಅವರು ಸ್ಥಾಪಿಸಿದ ನ್ಯಾಷನಲ್ ಚಿಯರ್‌ಲೀಡರ್ಸ್ ಅಸೋಸಿಯೇಷನ್ ಇಂದಿಗೂ ಪ್ರಮುಖ ಸಂಸ್ಥೆಯಾಗಿದೆ. ಒಂದು ಕಾಲನ್ನು ಪಕ್ಕಕ್ಕೆ ಚಾಚಿ ಇನ್ನೊಂದನ್ನು ಮಡಿಚಿ ನೆಗೆಯುವ ಭಂಗಿಗೆ ಅವರ ಹೆಸರಿನಿಂದಲೇ ಹರ್ಕಿ ಎಂಬ ಹೆಸರು ಬಂದಿದೆ. ಮಳೆಯಲ್ಲಿ ಹಾಳಾಗುತ್ತಿದ್ದ ಕಾಗದದ ಕುಚ್ಚುಗಳ ಜಾಗದಲ್ಲಿ 1960ರ ದಶಕದಿಂದ ಪ್ಲಾಸ್ಟಿಕ್ ಕುಚ್ಚುಗಳು ಬಳಕೆಗೆ ಬಂದವು. 1974ರಲ್ಲಿ ಜೆಫ್ ವೆಬ್ ಸ್ಥಾಪಿಸಿದ ಯೂನಿವರ್ಸಲ್ ಚಿಯರ್‌ಲೀಡರ್ಸ್ ಅಸೋಸಿಯೇಷನ್ ಜಿಮ್ನಾಸ್ಟಿಕ್ಸ್ ಮತ್ತು ಎತ್ತುವಿಕೆಯ ಕಸರತ್ತುಗಳಿಗೆ ಹೆಚ್ಚಿನ ಒತ್ತು ನೀಡಿತು. ಕಾಲೇಜು ಮಟ್ಟದ ಚಾಂಪಿಯನ್‌ಷಿಪ್‌ಗಳು 1970ರ ದಶಕದ ಕೊನೆಯಲ್ಲಿ ದೂರದರ್ಶನದಲ್ಲಿ ಪ್ರಸಾರವಾಗತೊಡಗಿದ ನಂತರ ಈ ಶೈಲಿಯು ದೇಶವ್ಯಾಪಿಯಾಯಿತು.

ತಂಡಗಳ ವಿಧಗಳು

ವಿಶ್ವವಿದ್ಯಾಲಯವೊಂದರಲ್ಲಿ ಹಲವು ಬಗೆಯ ತಂಡಗಳಿರಬಹುದು. ಪ್ರತಿಯೊಂದರ ಆಯ್ಕೆ ಪರೀಕ್ಷೆಯೂ ಬೇರೆಯಾಗಿರುವುದರಿಂದ ಅವುಗಳ ವ್ಯತ್ಯಾಸವನ್ನು ತಿಳಿಯುವುದು ಅಭ್ಯರ್ಥಿಗಳಿಗೆ ಮುಖ್ಯ.

ಮಿಶ್ರ ಚಿಯರ್ ತಂಡ: ಇದನ್ನು ಕೋಎಡ್ ತಂಡ ಎನ್ನುತ್ತಾರೆ. ಪುರುಷರು ಮತ್ತು ಮಹಿಳೆಯರು ಜೊತೆಯಾಗಿರುತ್ತಾರೆ. ಒಬ್ಬ ಪುರುಷನು ಒಬ್ಬ ಮಹಿಳೆಯನ್ನು ತಲೆಯ ಮೇಲೆ ತೋಳಿನ ಪೂರ್ಣ ಎತ್ತರಕ್ಕೆ ಎಸೆದು ಹಿಡಿಯುವ ಜೋಡಿ ಕಸರತ್ತು ಈ ತಂಡಗಳ ಮುಖ್ಯ ಆಕರ್ಷಣೆ.

ಮಹಿಳಾ ಚಿಯರ್ ತಂಡ: ಇದರಲ್ಲಿ ಮಹಿಳೆಯರು ಮಾತ್ರ ಇರುತ್ತಾರೆ. ಎತ್ತುವಿಕೆಗಳನ್ನು ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಮಂದಿಯ ಗುಂಪು ಸೇರಿ ಮಾಡುತ್ತದೆ.

ನೃತ್ಯ ಅಥವಾ ಪಾಮ್ ತಂಡ: ಈ ತಂಡದ ಕೆಲಸ ನೃತ್ಯ. ಮನುಷ್ಯರನ್ನು ಎತ್ತುವ, ಎಸೆಯುವ ಕಸರತ್ತುಗಳಿಗಿಂತ ಕೈಚಲನೆಯ ನಿಖರತೆ, ಏಕಕಾಲಿಕತೆ, ತಿರುಗು ಮತ್ತು ನೆಗೆತಗಳಿಗೆ ಇಲ್ಲಿ ಪ್ರಾಧಾನ್ಯ. ಪಾಮ್ ಜೊತೆಗೆ ಜಾಝ್ ಮತ್ತು ಹಿಪ್‌ಹಾಪ್ ಶೈಲಿಗಳನ್ನೂ ಇದೇ ತಂಡ ಅಭ್ಯಾಸ ಮಾಡುವುದು ಸಾಮಾನ್ಯ.

ಘೋಷಣಾ ನಾಯಕರು: ಕೆಲವೆಡೆ ಹಳೆಯ ಪದ್ಧತಿ ಉಳಿದುಬಂದಿದೆ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಯೆಲ್ ಲೀಡರ್ಸ್ ಎಂಬ ಐವರು ಕೈಸನ್ನೆಗಳ ಮೂಲಕ ಇಡೀ ಕ್ರೀಡಾಂಗಣದ ಘೋಷಣೆಯನ್ನು ನಡೆಸುತ್ತಾರೆ. ಇವರನ್ನು ಆಯ್ಕೆ ಪರೀಕ್ಷೆಯಿಂದಲ್ಲ, ವಿದ್ಯಾರ್ಥಿಗಳ ಮತದಾನದಿಂದ ಆರಿಸಲಾಗುತ್ತದೆ.

ಇವುಗಳಲ್ಲದೆ ವಿಶ್ವವಿದ್ಯಾಲಯದ ಲಾಂಛನ ಪ್ರಾಣಿಯ ವೇಷ ಧರಿಸುವ ಮ್ಯಾಸ್ಕಾಟ್ ಸ್ಥಾನಕ್ಕೂ ಹಲವೆಡೆ ಇದೇ ವಿಭಾಗದ ವತಿಯಿಂದ ಆಯ್ಕೆ ನಡೆಯುತ್ತದೆ.

ತಂಡದೊಳಗಿನ ಪಾತ್ರಗಳು

ಚಿಯರ್ ತಂಡದ ಎತ್ತುವಿಕೆಯಲ್ಲಿ ಮೂರು ಮುಖ್ಯ ಪಾತ್ರಗಳಿವೆ. ಕೆಳಗೆ ನಿಂತು ಭಾರ ಹೊರುವವರು ಬೇಸ್. ಮೇಲೆ ಏರಿ ನಿಲ್ಲುವವರು ಅಥವಾ ಗಾಳಿಗೆ ಎಸೆಯಲ್ಪಡುವವರು ಫ್ಲೈಯರ್. ಹಿಂಬದಿಯಲ್ಲಿ ನಿಂತು ಎಣಿಕೆ ಹೇಳುತ್ತ, ಕಣಕಾಲನ್ನು ಹಿಡಿದು ಸಮತೋಲನ ಕಾಯುತ್ತ, ಬೀಳುವ ಸಂದರ್ಭದಲ್ಲಿ ಫ್ಲೈಯರ್‌ನ ತಲೆ ಮತ್ತು ಭುಜಗಳನ್ನು ರಕ್ಷಿಸುವವರು ಬ್ಯಾಕ್‌ಸ್ಪಾಟ್. ಇವರಲ್ಲದೆ, ಎತ್ತುವಿಕೆಯಲ್ಲಿ ಭಾಗವಹಿಸದೆ ಅನಾಹುತ ತಪ್ಪಿಸಲೆಂದೇ ಬಳಿಯಲ್ಲಿ ನಿಲ್ಲುವ ಸಹಾಯಕರನ್ನು ಸ್ಪಾಟರ್ ಎನ್ನುತ್ತಾರೆ.

ಪ್ರೇಕ್ಷಕರ ಕಣ್ಣು ಫ್ಲೈಯರ್ ಮೇಲೆ ನೆಟ್ಟಿದ್ದರೂ ಒಂದು ಎತ್ತುವಿಕೆಯ ಯಶಸ್ಸು ಕೆಳಗಿರುವವರ ಹಿಡಿತ ಮತ್ತು ಸಮಯಪ್ರಜ್ಞೆಯನ್ನು ಅವಲಂಬಿಸಿರುತ್ತದೆ. ಬೇಸ್ ಆದವರು ತೋಳಿನ ಬಲಕ್ಕಿಂತ ಮೊಣಕಾಲು ಮತ್ತು ತೊಡೆಯ ಬಲದಿಂದ ಎತ್ತಬೇಕಾಗುತ್ತದೆ. ಫ್ಲೈಯರ್ ತನ್ನ ದೇಹವನ್ನು ಸಡಿಲ ಬಿಡದೆ ಬಿಗಿಯಾಗಿ ಹಿಡಿದುಕೊಂಡರೆ ಮಾತ್ರ ಕೆಳಗಿನವರಿಗೆ ಭಾರ ಹೊರುವುದು ಸಾಧ್ಯವಾಗುತ್ತದೆ. ತಂಡಕ್ಕೆ ಅಗತ್ಯವಿರುವ ಪಾತ್ರಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಒಂದಕ್ಕಿಂತ ಹೆಚ್ಚು ಪಾತ್ರಗಳನ್ನು ನಿರ್ವಹಿಸಬಲ್ಲ ಅಭ್ಯರ್ಥಿಗೆ ಆಯ್ಕೆಯಾಗುವ ಸಾಧ್ಯತೆ ಹೆಚ್ಚು.

ಆಯ್ಕೆ ಪ್ರಕ್ರಿಯೆ

ಅರ್ಹತೆ

ಆಯ್ಕೆ ಪರೀಕ್ಷೆಗಳು ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ, ಅಂದರೆ ಬ್ಯಾಸ್ಕೆಟ್‌ಬಾಲ್ ಋತು ಮುಗಿದ ನಂತರ ನಡೆಯುತ್ತವೆ. ಮುಂದಿನ ಶೈಕ್ಷಣಿಕ ವರ್ಷಕ್ಕೆ ಪ್ರವೇಶ ಪಡೆದಿರುವ ಪ್ರೌಢಶಾಲಾ ವಿದ್ಯಾರ್ಥಿಗಳೂ ಇದರಲ್ಲಿ ಭಾಗವಹಿಸಬಹುದು. ಹಿಂದಿನ ವರ್ಷ ತಂಡದಲ್ಲಿದ್ದವರಿಗೂ ಸ್ಥಾನ ಖಾತರಿಯಿರುವುದಿಲ್ಲ. ಅವರೂ ಮತ್ತೆ ಪರೀಕ್ಷೆ ಎದುರಿಸುವುದು ಅನೇಕ ಕಡೆ ಕಡ್ಡಾಯ.

ಅಭ್ಯರ್ಥಿಯು ಪೂರ್ಣಾವಧಿ ವಿದ್ಯಾರ್ಥಿಯಾಗಿರಬೇಕು ಮತ್ತು ನಿಗದಿತ ಸರಾಸರಿ ಅಂಕಗಳನ್ನು ಉಳಿಸಿಕೊಂಡಿರಬೇಕು ಎಂಬ ನಿಯಮ ಸಾಮಾನ್ಯವಾಗಿದೆ. ಅರ್ಜಿಯೊಡನೆ ವೈದ್ಯಕೀಯ ತಪಾಸಣೆಯ ಪತ್ರ, ಆರೋಗ್ಯ ವಿಮೆಯ ವಿವರ ಮತ್ತು ಅಪಾಯವನ್ನು ಅರಿತಿರುವುದಾಗಿ ಸಹಿ ಮಾಡಿದ ಒಪ್ಪಿಗೆ ಪತ್ರವನ್ನು ಸಲ್ಲಿಸಬೇಕಾಗುತ್ತದೆ. ವಿದೇಶಿ ವಿದ್ಯಾರ್ಥಿಗಳು ತಂಡ ಸೇರುವುದಕ್ಕೆ ವಿದ್ಯಾರ್ಥಿ ವೀಸಾ ಅಡ್ಡಿಯಲ್ಲ. ಆದರೆ ಆ ವೀಸಾದ ನಿಯಮದಂತೆ ಪೂರ್ಣಾವಧಿ ವ್ಯಾಸಂಗವನ್ನು ಬಿಡುವಂತಿಲ್ಲವಾದ್ದರಿಂದ ಅಭ್ಯಾಸದ ಒತ್ತಡಕ್ಕೆ ಮಣಿದು ಪಠ್ಯಗಳನ್ನು ಕಡಿಮೆ ಮಾಡಿಕೊಳ್ಳುವ ಅವಕಾಶ ಅವರಿಗಿರುವುದಿಲ್ಲ.

ಪೂರ್ವಸಿದ್ಧತೆ

ಹೆಚ್ಚಿನ ತಂಡಗಳು ಪರೀಕ್ಷೆಗೆ ಮುನ್ನ ಕ್ಲಿನಿಕ್ ಎಂಬ ಕಿರು ತರಬೇತಿಗಳನ್ನು ಏರ್ಪಡಿಸುತ್ತವೆ. ಇಲ್ಲಿ ವಿಶ್ವವಿದ್ಯಾಲಯದ ರಣಗೀತೆಗೆ ಹೊಂದುವ ಚಲನೆಗಳನ್ನೂ ಘೋಷಣೆಗಳನ್ನೂ ಕಲಿಸಲಾಗುತ್ತದೆ. ಅಭ್ಯರ್ಥಿಗಳಿಗೆ ತರಬೇತುದಾರರ ನಿರೀಕ್ಷೆಗಳೂ, ತರಬೇತುದಾರರಿಗೆ ಅಭ್ಯರ್ಥಿಗಳ ಕಲಿಕೆಯ ವೇಗವೂ ಈ ಹಂತದಲ್ಲೇ ತಿಳಿದುಬರುತ್ತದೆ. ದೂರದ ಊರುಗಳ ಅಭ್ಯರ್ಥಿಗಳಿಂದ ಕೆಲವು ತಂಡಗಳು ವೀಡಿಯೊ ಮೂಲಕ ಕೌಶಲಗಳ ದಾಖಲೆಯನ್ನು ತರಿಸಿಕೊಳ್ಳುತ್ತವೆ.

ಲಾಗ ಮತ್ತು ಪಲ್ಟಿಗಳನ್ನು ಕೆಲವೇ ವಾರಗಳಲ್ಲಿ ಕಲಿಯುವುದು ಸಾಧ್ಯವಿಲ್ಲ. ಹಿಮ್ಮುಖವಾಗಿ ಕೈಯೂರಿ ಲಾಗ ಹಾಕುವ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ ಹಾಗೂ ಕೈಯೂರದೆ ಗಾಳಿಯಲ್ಲೇ ಹಿಮ್ಮುಖವಾಗಿ ಪಲ್ಟಿ ಹೊಡೆಯುವ ಬ್ಯಾಕ್ ಟಕ್ ಎಂಬ ಎರಡನ್ನೂ ನಿಂತಲ್ಲಿಂದಲೇ ಮಾಡಬಲ್ಲವರನ್ನು ಪ್ರಬಲ ತಂಡಗಳು ನಿರೀಕ್ಷಿಸುತ್ತವೆ. ಆದ್ದರಿಂದ ಇಂಥ ತಂಡಗಳಿಗೆ ಬರುವವರಲ್ಲಿ ಹೆಚ್ಚಿನವರು ಬಾಲ್ಯದಿಂದ ಜಿಮ್ನಾಸ್ಟಿಕ್ಸ್ ಅಥವಾ ಖಾಸಗಿ ಚಿಯರ್ ಕೇಂದ್ರಗಳಲ್ಲಿ ಕಲಿತವರಾಗಿರುತ್ತಾರೆ. ಮಿಶ್ರ ತಂಡಗಳ ಪುರುಷ ಸದಸ್ಯರ ವಿಷಯದಲ್ಲಿ ಸ್ಥಿತಿ ಭಿನ್ನವಾಗಿದೆ. ಫುಟ್‌ಬಾಲ್, ಕುಸ್ತಿ ಅಥವಾ ಭಾರ ಎತ್ತುವ ಹಿನ್ನೆಲೆಯಿಂದ ಬಂದು, ಕಾಲೇಜಿನಲ್ಲೇ ಮೊದಲ ಬಾರಿಗೆ ಚಿಯರ್‌ಲೀಡಿಂಗ್ ಕಲಿಯುವವರು ಅವರಲ್ಲಿ ಅನೇಕರಿದ್ದಾರೆ.

ಪರೀಕ್ಷೆಯ ಸ್ವರೂಪ

ಚಿಯರ್ ತಂಡದ ಪರೀಕ್ಷೆಯು ಒಂದರಿಂದ ಮೂರು ದಿನಗಳವರೆಗೆ ನಡೆಯಬಹುದು. ಅದರಲ್ಲಿ ಸಾಮಾನ್ಯವಾಗಿ ಈ ಅಂಶಗಳಿರುತ್ತವೆ.

- ಕೈಚಲನೆ: ತೋಳುಗಳನ್ನು ಮೇಲೆ ಅಥವಾ ಕೆಳಗೆ ವಿ ಆಕಾರದಲ್ಲಿ, ಭುಜದ ನೇರಕ್ಕೆ ಟಿ ಆಕಾರದಲ್ಲಿ ಚಾಚುವಂಥ ಮೂಲ ಭಂಗಿಗಳ ನಿಖರತೆ.
- ಘೋಷಣೆ: ಗಂಟಲಿನಿಂದಲ್ಲದೆ ಹೊಟ್ಟೆಯಿಂದ ಹೊರಡುವ, ದೂರಕ್ಕೂ ಸ್ಪಷ್ಟವಾಗಿ ಕೇಳುವ ಧ್ವನಿ.
- ನೆಗೆತ: ಎರಡೂ ಕಾಲುಗಳನ್ನು ಅಗಲಿಸಿ ನೆಗೆಯುವ ಟೋ ಟಚ್, ಹರ್ಕಿ, ಪೈಕ್ ಮುಂತಾದವು.
- ಲಾಗ: ನಿಂತಲ್ಲಿಂದ ಮತ್ತು ಓಡಿಬಂದು ಮಾಡುವ ಎರಡೂ ಬಗೆಗಳು.
- ಎತ್ತುವಿಕೆ: ಅಪರಿಚಿತ ಜೊತೆಗಾರರೊಡನೆ ಹೊಂದಿಕೊಂಡು ಕೆಲಸ ಮಾಡುವ ಸಾಮರ್ಥ್ಯವೂ ಇಲ್ಲಿ ಪರೀಕ್ಷೆಗೆ ಒಳಗಾಗುತ್ತದೆ.
- ರಣಗೀತೆ: ಕ್ಲಿನಿಕ್‌ನಲ್ಲಿ ಕಲಿಸಿದ ಚಲನೆಗಳ ಪ್ರದರ್ಶನ.

ಪಾಮ್ ತಂಡದ ಪರೀಕ್ಷೆಯಲ್ಲಿ ಅಭ್ಯರ್ಥಿಗಳು ನೃತ್ಯ ತಂತ್ರದ ಮೂಲ ಅಂಶಗಳನ್ನು ಗುಂಪುಗುಂಪಾಗಿ ಕೊಠಡಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗುತ್ತ ಪ್ರದರ್ಶಿಸುತ್ತಾರೆ. ಒಂದೇ ಕಾಲಿನ ಮೇಲೆ ಎರಡು ಅಥವಾ ಮೂರು ಸುತ್ತು ತಿರುಗುವ ಪಿರುವೆಟ್, ಒಂದು ಕಾಲನ್ನು ಪಕ್ಕಕ್ಕೆ ಚಾಚಿಕೊಂಡೇ ಸುತ್ತುವ ತಿರುಗು, ಗಾಳಿಯಲ್ಲಿ ಕಾಲುಗಳನ್ನು ಪೂರ್ಣ ಅಗಲಿಸುವ ನೆಗೆತ ಮತ್ತು ಎತ್ತರದ ಒದೆತಗಳು ಇವುಗಳಲ್ಲಿ ಮುಖ್ಯವಾದವು. ಬಳಿಕ ಅಲ್ಲಿಯೇ ಹೊಸ ನೃತ್ಯವೊಂದನ್ನು ಕಲಿಸಿ, ಅಲ್ಪ ಸಮಯದಲ್ಲಿ ಅದನ್ನು ಮೂರು ನಾಲ್ಕು ಮಂದಿಯ ಗುಂಪಿನಲ್ಲಿ ಮಾಡಿ ತೋರಿಸಲು ಹೇಳಲಾಗುತ್ತದೆ. ಕುಚ್ಚು ಹಿಡಿದ ಕೈಯಲ್ಲಿನ ಸಣ್ಣ ವ್ಯತ್ಯಾಸವೂ ದೂರದಿಂದ ಎದ್ದು ಕಾಣುವುದರಿಂದ, ಪಾಮ್ ಶೈಲಿಯಲ್ಲಿ ವೈಯಕ್ತಿಕ ಅಭಿವ್ಯಕ್ತಿಗಿಂತ ತೋಳಿನ ಕೋನ ಮತ್ತು ನಿಲುಗಡೆಯ ಸ್ಪಷ್ಟತೆ ಮುಖ್ಯವಾಗುತ್ತದೆ.

ಸಂದರ್ಶನ ಮತ್ತು ಫಲಿತಾಂಶ

ತಂಡದ ಸದಸ್ಯರು ಹಳೆಯ ವಿದ್ಯಾರ್ಥಿಗಳ ಸಭೆ, ದೇಣಿಗೆ ಸಂಗ್ರಹ ಮತ್ತು ಆಸ್ಪತ್ರೆ ಭೇಟಿಯಂಥ ಸಾರ್ವಜನಿಕ ಕಾರ್ಯಕ್ರಮಗಳಲ್ಲಿ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸುತ್ತಾರೆ. ಆದ್ದರಿಂದ ಅನೇಕ ಕಡೆ ಸಂದರ್ಶನವೂ ಆಯ್ಕೆಯ ಭಾಗವಾಗಿದೆ. ಸಮಯ ನಿರ್ವಹಣೆ, ತಂಡದೊಳಗಿನ ಭಿನ್ನಾಭಿಪ್ರಾಯಗಳನ್ನು ನಿಭಾಯಿಸುವ ರೀತಿ ಮತ್ತು ವಿಶ್ವವಿದ್ಯಾಲಯದ ಕ್ರೀಡಾ ಪರಂಪರೆಯ ಪರಿಚಯ ಇಲ್ಲಿ ಪ್ರಶ್ನೆಗೆ ವಸ್ತುವಾಗುತ್ತವೆ. ತೀರ್ಪುಗಾರರ ಅಂಕಗಳನ್ನು ಒಟ್ಟುಗೂಡಿಸಿ, ಆಯ್ಕೆಯಾದವರ ಹೆಸರುಗಳನ್ನು ಅಥವಾ ಗುರುತು ಸಂಖ್ಯೆಗಳನ್ನು ಪ್ರಕಟಿಸಲಾಗುತ್ತದೆ.

ತಂಡಕ್ಕೆ ಆಯ್ಕೆಯಾಗುವುದು ಮತ್ತು ಸ್ಪರ್ಧೆಯ ಅಂಕಣಕ್ಕೆ ಇಳಿಯುವುದು ಎರಡೂ ಒಂದೇ ಅಲ್ಲ. ಟೆಕ್ಸಾಸ್‌ನ ಕಾರ್ಸಿಕಾನಾದಲ್ಲಿರುವ ಎರಡು ವರ್ಷಗಳ ನವಾರೊ ಕಾಲೇಜಿನ ತಂಡವನ್ನು ಕುರಿತ ಚಿಯರ್ ಎಂಬ ನೆಟ್‌ಫ್ಲಿಕ್ಸ್ ಸಾಕ್ಷ್ಯಚಿತ್ರ ಸರಣಿಯು ಇದನ್ನು ವಿವರವಾಗಿ ತೋರಿಸುತ್ತದೆ. ಅದರ ಮೊದಲ ಭಾಗ 2020ರಲ್ಲಿ ಬಿಡುಗಡೆಯಾಯಿತು. ಸುಮಾರು 40 ಮಂದಿಯ ಆ ತಂಡದಲ್ಲಿ ರಾಷ್ಟ್ರೀಯ ಸ್ಪರ್ಧೆಯ ಅಂಕಣಕ್ಕೆ ಇಳಿಯುವ ಅವಕಾಶ ದೊರೆಯುವುದು 20 ಮಂದಿಗೆ ಮಾತ್ರ. ಉಳಿದವರು ವರ್ಷವಿಡೀ ಅಷ್ಟೇ ಅಭ್ಯಾಸ ಮಾಡಿಯೂ ಅಂಚಿನಲ್ಲಿ ನಿಂತು ಜೊತೆಗಾರರನ್ನು ಹುರಿದುಂಬಿಸುತ್ತಾರೆ. ಯಾರಾದರೂ ಗಾಯಗೊಂಡರೆ ಕೊನೆಯ ಗಳಿಗೆಯಲ್ಲಿ ಅವರ ಸ್ಥಾನ ತುಂಬಲು ಸಿದ್ಧರಾಗಿರುತ್ತಾರೆ.

ಸೇರಿದ ನಂತರದ ಹೊಣೆಗಾರಿಕೆಗಳು

ಬೇಸಿಗೆಯಲ್ಲಿ ತರಬೇತಿ ಶಿಬಿರದೊಂದಿಗೆ ವರ್ಷದ ಚಟುವಟಿಕೆಗಳು ಆರಂಭವಾಗುತ್ತವೆ. ಆಗಸ್ಟ್ ಕೊನೆಯಿಂದ ಫುಟ್‌ಬಾಲ್ ಪಂದ್ಯಗಳು, ನವೆಂಬರ್‌ನಿಂದ ಮಾರ್ಚ್‌ವರೆಗೆ ಬ್ಯಾಸ್ಕೆಟ್‌ಬಾಲ್ ಪಂದ್ಯಗಳು ನಡೆಯುತ್ತವೆ. ವಾರದಲ್ಲಿ ಹಲವು ದಿನ ಸಾಮೂಹಿಕ ಅಭ್ಯಾಸ, ಜೊತೆಗೆ ವ್ಯಾಯಾಮಶಾಲೆಯಲ್ಲಿ ದೇಹಬಲ ವರ್ಧನೆಯ ತರಬೇತಿ ಇರುತ್ತದೆ. ಥ್ಯಾಂಕ್ಸ್‌ಗಿವಿಂಗ್ ಮತ್ತು ಕ್ರಿಸ್‌ಮಸ್ ರಜೆಗಳ ಅವಧಿಯಲ್ಲೂ ಪಂದ್ಯಗಳಿರುವುದರಿಂದ ಮನೆಗೆ ಹೋಗುವ ದಿನಗಳು ಕಡಿಮೆಯಾಗುತ್ತವೆ. ಪ್ರಯೋಗಾಲಯದ ತರಗತಿಗಳಿರುವ ವಿಜ್ಞಾನ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ವೇಳಾಪಟ್ಟಿಯನ್ನು ಹೊಂದಿಸಿಕೊಳ್ಳುವುದು ದೊಡ್ಡ ಸವಾಲಾಗುತ್ತದೆ.

ವೆಚ್ಚ ಮತ್ತು ವಿದ್ಯಾರ್ಥಿವೇತನ

ತಂಡವು ವಿಶ್ವವಿದ್ಯಾಲಯದ ಯಾವ ವಿಭಾಗಕ್ಕೆ ಸೇರಿದೆ ಎಂಬುದರ ಮೇಲೆ ಸದಸ್ಯರ ಖರ್ಚು ನಿರ್ಧಾರವಾಗುತ್ತದೆ. ಕ್ರೀಡಾ ವಿಭಾಗದ ಅಡಿಯಲ್ಲಿರುವ ತಂಡಗಳಿಗೆ ಸಮವಸ್ತ್ರ, ಪ್ರಯಾಣ ಮತ್ತು ಶಿಬಿರದ ವೆಚ್ಚವನ್ನು ವಿಶ್ವವಿದ್ಯಾಲಯವೇ ಭರಿಸುವುದುಂಟು. ವಿದ್ಯಾರ್ಥಿ ಸಂಘಗಳ ಸಾಲಿಗೆ ಸೇರಿದ ತಂಡಗಳಲ್ಲಿ ಪಾದರಕ್ಷೆ, ಕುಚ್ಚು, ಅಭ್ಯಾಸದ ಉಡುಪು ಮತ್ತು ಸ್ಪರ್ಧೆಯ ಪ್ರವಾಸಗಳಿಗೆ ಸದಸ್ಯರೇ ಹಣ ಕಟ್ಟಬೇಕು ಅಥವಾ ದೇಣಿಗೆ ಸಂಗ್ರಹಿಸಬೇಕು. ಕೆಲವು ವಿಶ್ವವಿದ್ಯಾಲಯಗಳು ಬೋಧನಾ ಶುಲ್ಕದ ಒಂದು ಭಾಗವನ್ನು ವಿದ್ಯಾರ್ಥಿವೇತನವಾಗಿ ನೀಡುತ್ತವೆಯಾದರೂ ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ಸಿಗುವಂಥ ಪೂರ್ಣ ನೆರವು ವಿರಳ. ಖಾಸಗಿ ಕೇಂದ್ರಗಳಲ್ಲಿ ವರ್ಷಗಟ್ಟಲೆ ತರಬೇತಿ ಪಡೆಯುವ ಖರ್ಚನ್ನೂ ಗಮನಿಸಿದರೆ, ಬಡ ಕುಟುಂಬಗಳ ಮಕ್ಕಳಿಗೆ ಪ್ರಬಲ ತಂಡಗಳ ಬಾಗಿಲು ಕಿರಿದಾಗಿದೆ ಎಂಬ ಟೀಕೆ ಇದೆ.

ಸ್ಪರ್ಧೆಗಳು

ಕಾಲೇಜು ತಂಡಗಳ ಎರಡು ಪ್ರಮುಖ ರಾಷ್ಟ್ರೀಯ ಸ್ಪರ್ಧೆಗಳು ಫ್ಲಾರಿಡಾ ರಾಜ್ಯದಲ್ಲೇ ನಡೆಯುತ್ತವೆ. ಯೂನಿವರ್ಸಲ್ ಚಿಯರ್‌ಲೀಡರ್ಸ್ ಅಸೋಸಿಯೇಷನ್ ಹಾಗೂ ಅದರ ಸೋದರ ನೃತ್ಯ ಸಂಸ್ಥೆಯ ಸ್ಪರ್ಧೆಯು ಜನವರಿಯಲ್ಲಿ ಒರ್ಲ್ಯಾಂಡೊ ಬಳಿಯ ವಾಲ್ಟ್ ಡಿಸ್ನಿ ವರ್ಲ್ಡ್ ಆವರಣದಲ್ಲಿ ನಡೆಯುತ್ತದೆ. ಇದರಲ್ಲಿ ಕೆಂಟಕಿ ವಿಶ್ವವಿದ್ಯಾಲಯವು ಅತಿ ಹೆಚ್ಚು ಬಾರಿ ಪ್ರಶಸ್ತಿ ಗಳಿಸಿದ ತಂಡಗಳಲ್ಲೊಂದು. ನ್ಯಾಷನಲ್ ಚಿಯರ್‌ಲೀಡರ್ಸ್ ಅಸೋಸಿಯೇಷನ್‌ನ ಸ್ಪರ್ಧೆಯು ಏಪ್ರಿಲ್‌ನಲ್ಲಿ ಡೇಟೋನಾ ಬೀಚ್‌ನ ಕಡಲ ತೀರದಲ್ಲಿ ಜರುಗುತ್ತದೆ.

ಚಿಯರ್ ಪ್ರದರ್ಶನದ ಅವಧಿ ಸುಮಾರು ಎರಡೂವರೆ ನಿಮಿಷ, ಪಾಮ್ ಪ್ರದರ್ಶನದ ಅವಧಿ ಸುಮಾರು ಎರಡು ನಿಮಿಷ. ಚಿಯರ್ ವಿಭಾಗದಲ್ಲಿ ಎತ್ತುವಿಕೆ, ಪಿರಮಿಡ್ಡು, ಲಾಗ ಹಾಗೂ ಪ್ರೇಕ್ಷಕರನ್ನು ಘೋಷಣೆಯಲ್ಲಿ ತೊಡಗಿಸುವ ಸಾಮರ್ಥ್ಯಕ್ಕೆ ಅಂಕಗಳಿರುತ್ತವೆ. ಕಸರತ್ತಿನಲ್ಲಿ ಬಿದ್ದರೆ ಅಂಕ ಕಡಿತವಾಗುತ್ತದೆ. ಪಾಮ್ ವಿಭಾಗದಲ್ಲಿ ನೃತ್ಯ ತಂತ್ರ, ಏಕಕಾಲಿಕತೆ, ಸಾಲುಗಳ ವಿನ್ಯಾಸ ಮತ್ತು ಕುಚ್ಚುಗಳಿಂದ ಮೂಡಿಸುವ ದೃಶ್ಯ ಪರಿಣಾಮಗಳನ್ನು ಅಳೆಯಲಾಗುತ್ತದೆ. ಆದರೂ ಅನೇಕ ತಂಡಗಳು ಯಾವ ಸ್ಪರ್ಧೆಗೂ ಹೋಗದೆ ಸ್ವಂತ ವಿಶ್ವವಿದ್ಯಾಲಯದ ಪಂದ್ಯಗಳಿಗಷ್ಟೇ ಸೀಮಿತವಾಗಿರುತ್ತವೆ.

ಗಾಯಗಳು ಮತ್ತು ಸುರಕ್ಷತೆ

ಕಣಕಾಲು, ಮಣಿಕಟ್ಟು ಹಾಗೂ ಭುಜದ ಉಳುಕು ಈ ಚಟುವಟಿಕೆಯಲ್ಲಿ ಸಾಮಾನ್ಯ. ಅವುಗಳಿಗಿಂತ ಗಂಭೀರವಾದುದು ತಲೆ ಮತ್ತು ಕುತ್ತಿಗೆಯ ಪೆಟ್ಟು. ಕ್ರೀಡಾ ದುರಂತಗಳ ಬಗ್ಗೆ 1982ರಿಂದ ಮಾಹಿತಿ ಸಂಗ್ರಹಿಸಿರುವ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಕೇಂದ್ರದ ವರದಿಗಳ ಪ್ರಕಾರ, ವಿದ್ಯಾರ್ಥಿನಿಯರಿಗೆ ಆದ ಮಾರಣಾಂತಿಕ ಅಥವಾ ಶಾಶ್ವತ ಅಂಗವೈಕಲ್ಯ ತರಬಲ್ಲ ನೇರ ಗಾಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಚಿಯರ್‌ಲೀಡಿಂಗ್‌ನಿಂದ ಸಂಭವಿಸಿವೆ. ಕೆಳಗಿನವರು ಕೈಗಳನ್ನು ಹೆಣೆದು ಫ್ಲೈಯರ್‌ಅನ್ನು ಎತ್ತರಕ್ಕೆ ಚಿಮ್ಮಿಸುವ ಬ್ಯಾಸ್ಕೆಟ್ ಟಾಸ್ ಮತ್ತು ಎತ್ತರದ ಪಿರಮಿಡ್ಡುಗಳು ಹೆಚ್ಚು ಅಪಾಯಕಾರಿ ಕಸರತ್ತುಗಳು.

2006ರ ಮಾರ್ಚ್‌ನಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ನಡೆದ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯೊಂದರಲ್ಲಿ ಸದರ್ನ್ ಇಲಿನಾಯ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯೊಬ್ಬಳು ಪಿರಮಿಡ್ಡಿನ ತುದಿಯಿಂದ ಗಟ್ಟಿ ನೆಲಕ್ಕೆ ಬಿದ್ದು ಕುತ್ತಿಗೆಯ ಮೂಳೆ ಬಿರುಕುಬಿಟ್ಟಿತು. ಸ್ಟ್ರೆಚರ್‌ಗೆ ಕಟ್ಟಿ ಹೊರಗೊಯ್ಯುತ್ತಿದ್ದಾಗಲೂ ವಾದ್ಯವೃಂದ ರಣಗೀತೆ ನುಡಿಸಿದೊಡನೆ ಆಕೆ ಕೈಚಲನೆಗಳನ್ನು ಮುಂದುವರಿಸಿದ ದೃಶ್ಯವು ದೇಶದಾದ್ಯಂತ ಪ್ರಸಾರವಾಯಿತು. ಅದನ್ನು ಕೆಲವರು ನಿಷ್ಠೆಯ ಸಂಕೇತವೆಂದು ಕೊಂಡಾಡಿದರು. ಮತ್ತೊಂದೆಡೆ ಇದು ಸುರಕ್ಷತೆಯ ಬಗ್ಗೆ ಗಂಭೀರ ಚರ್ಚೆಗೂ ಕಾರಣವಾಯಿತು. ಇದರ ನಂತರ ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ಚಾಪೆ ಹಾಸದೆ ಬ್ಯಾಸ್ಕೆಟ್ ಟಾಸ್ ಮತ್ತು ಎತ್ತರದ ಪಿರಮಿಡ್ಡುಗಳನ್ನು ಮಾಡುವುದರ ಮೇಲೆ ನಿರ್ಬಂಧ ಬಂದಿತು. ಸುರಕ್ಷತಾ ಪ್ರಮಾಣಪತ್ರ ಪಡೆದ ತರಬೇತುದಾರರ ಮೇಲ್ವಿಚಾರಣೆಗೂ ಹೆಚ್ಚಿನ ಒತ್ತು ದೊರೆಯಿತು. 2012ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು, ಚಿಯರ್‌ಲೀಡಿಂಗ್‌ಅನ್ನು ಕ್ರೀಡೆಯೆಂದು ಪರಿಗಣಿಸಿ ಅರ್ಹ ತರಬೇತುದಾರರು, ವೈದ್ಯಕೀಯ ಸಿಬ್ಬಂದಿ ಮತ್ತು ಸೂಕ್ತ ಅಭ್ಯಾಸ ಸ್ಥಳವನ್ನು ಒದಗಿಸಬೇಕೆಂದು ಶಿಫಾರಸು ಮಾಡಿತು.

ದೈಹಿಕ ಗಾಯಗಳಷ್ಟೇ ಅಲ್ಲದೆ ದೇಹತೂಕದ ಒತ್ತಡವೂ ಒಂದು ಸಮಸ್ಯೆಯಾಗಿದೆ. ಹಗುರವಾಗಿರಬೇಕೆಂಬ ನಿರೀಕ್ಷೆ ಮತ್ತು ಮೈಗಂಟುವ ಸಮವಸ್ತ್ರಗಳ ಕಾರಣದಿಂದ ಫ್ಲೈಯರ್‌ಗಳು ಊಟವನ್ನು ಅತಿಯಾಗಿ ಕಡಿಮೆ ಮಾಡುವ ಅಪಾಯವಿರುತ್ತದೆ. ಅಭ್ಯರ್ಥಿಗಳು ತಂಡ ಸೇರುವ ಮುನ್ನ ಗಮನಿಸಬಹುದಾದ ಅಂಶಗಳು ಹಲವು. ಅಭ್ಯಾಸಕ್ಕೆ ಚಾಪೆ ಹಾಸಿದ ಸ್ಥಳವಿದೆಯೇ, ಗಾಯಗೊಂಡಾಗ ಕ್ರೀಡಾ ವಿಭಾಗದ ವೈದ್ಯಕೀಯ ಸಿಬ್ಬಂದಿಯ ನೆರವು ಸಿಗುತ್ತದೆಯೇ, ಚಿಕಿತ್ಸೆಯ ವೆಚ್ಚ ಯಾವ ವಿಮೆಯಿಂದ ಭರ್ತಿಯಾಗುತ್ತದೆ, ತಲೆಗೆ ಪೆಟ್ಟಾದವರು ಮರಳಿ ಅಭ್ಯಾಸಕ್ಕೆ ಬರಲು ವೈದ್ಯರ ಅನುಮತಿ ಕಡ್ಡಾಯವೇ ಎಂಬುವು ಅವುಗಳಲ್ಲಿ ಮುಖ್ಯವಾದವು.

ಕ್ರೀಡೆಯೆಂಬ ಮಾನ್ಯತೆಯ ಪ್ರಶ್ನೆ

ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸುವ ಟೈಟಲ್ ನೈನ್ ಎಂಬ ಕಾನೂನು 1972ರಲ್ಲಿ ಜಾರಿಗೆ ಬಂದಿತು. ಇದರನ್ವಯ ವಿದ್ಯಾರ್ಥಿನಿಯರಿಗೂ ಕ್ರೀಡೆಯಲ್ಲಿ ಸಮಾನ ಅವಕಾಶ ಒದಗಿಸಬೇಕು. ಚಿಯರ್‌ಲೀಡರ್‌ಗಳನ್ನು ಕ್ರೀಡಾಪಟುಗಳ ಲೆಕ್ಕಕ್ಕೆ ಸೇರಿಸಬಹುದೇ ಎಂಬ ಪ್ರಶ್ನೆ ಹುಟ್ಟಿಕೊಂಡುದು ಈ ಹಿನ್ನೆಲೆಯಲ್ಲಿ. ಮೇರಿಲ್ಯಾಂಡ್ ವಿಶ್ವವಿದ್ಯಾಲಯವು 2003ರಲ್ಲಿ ಸ್ಪರ್ಧಾತ್ಮಕ ಚಿಯರ್‌ಅನ್ನು ಅಧಿಕೃತ ಮಹಿಳಾ ಕ್ರೀಡೆಯಾಗಿ ಅಂಗೀಕರಿಸಿತು.

ಕನೆಕ್ಟಿಕಟ್ ರಾಜ್ಯದ ಕ್ವಿನಿಪಿಯಾಕ್ ವಿಶ್ವವಿದ್ಯಾಲಯವು 2009ರಲ್ಲಿ ಮಹಿಳಾ ವಾಲಿಬಾಲ್ ತಂಡವನ್ನು ಕೈಬಿಟ್ಟು ಅದರ ಬದಲಿಗೆ ಸ್ಪರ್ಧಾತ್ಮಕ ಚಿಯರ್ ತಂಡವನ್ನು ಆರಂಭಿಸಲು ತೀರ್ಮಾನಿಸಿತು. ವಾಲಿಬಾಲ್ ಆಟಗಾರ್ತಿಯರು ಮತ್ತು ಅವರ ತರಬೇತುದಾರರು ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 2010ರ ಜುಲೈನಲ್ಲಿ ನ್ಯಾಯಾಧೀಶ ಸ್ಟೀಫನ್ ಅಂಡರ್‌ಹಿಲ್ ಅವರು, ಚಿಯರ್‌ಲೀಡಿಂಗ್‌ಗೆ ಇನ್ನೂ ಏಕರೂಪದ ನಿಯಮಗಳೂ ಸುವ್ಯವಸ್ಥಿತ ಸ್ಪರ್ಧಾ ಋತುವೂ ಇಲ್ಲದ ಕಾರಣ ಟೈಟಲ್ ನೈನ್ ಲೆಕ್ಕಾಚಾರದಲ್ಲಿ ಅದನ್ನು ಕ್ರೀಡೆಯೆಂದು ಪರಿಗಣಿಸಲಾಗದೆಂದು ತೀರ್ಪಿತ್ತರು. ಮುಂದೆ ಆ ಸ್ಥಿತಿ ಬದಲಾಗಬಹುದೆಂಬುದನ್ನು ತೀರ್ಪು ತಳ್ಳಿಹಾಕಲಿಲ್ಲ. 2012ರಲ್ಲಿ ಮೇಲ್ಮನವಿ ನ್ಯಾಯಾಲಯವು ಈ ತೀರ್ಪನ್ನು ಎತ್ತಿಹಿಡಿಯಿತು.

ತೀರ್ಪಿನಲ್ಲಿ ಸೂಚಿಸಿದ ಕೊರತೆಗಳನ್ನು ನೀಗಿಸುವ ಯತ್ನವಾಗಿ ಎರಡು ಕ್ರೀಡೆಗಳು ರೂಪುಗೊಂಡವು. ಮೊದಲನೆಯದು ಅಕ್ರೋಬ್ಯಾಟಿಕ್ಸ್ ಅಂಡ್ ಟಂಬ್ಲಿಂಗ್. 2020ರಲ್ಲಿ ಇದಕ್ಕೆ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎಯಿಂದ ಉದಯೋನ್ಮುಖ ಮಹಿಳಾ ಕ್ರೀಡೆಯೆಂಬ ಸ್ಥಾನ ದೊರೆಯಿತು. ಎರಡನೆಯದು ಸ್ಟಂಟ್. ಇದರಲ್ಲಿ ಎರಡು ತಂಡಗಳು ಒಂದೇ ಕಸರತ್ತನ್ನು ಏಕಕಾಲಕ್ಕೆ ಅಕ್ಕಪಕ್ಕದಲ್ಲಿ ಮಾಡುತ್ತವೆ. ಜೋಡಿ ಕಸರತ್ತು, ಪಿರಮಿಡ್ಡು ಮತ್ತು ಎಸೆತ, ನೆಗೆತ ಮತ್ತು ಲಾಗ, ಪೂರ್ಣ ಪ್ರದರ್ಶನ ಎಂಬ ನಾಲ್ಕು ಹಂತಗಳಲ್ಲಿ ಪಂದ್ಯ ನಡೆಯುತ್ತದೆ. ಈ ಎರಡೂ ಕ್ರೀಡೆಗಳಲ್ಲಿ ಇತರ ತಂಡಗಳನ್ನು ಹುರಿದುಂಬಿಸುವ ಕೆಲಸವಿರುವುದಿಲ್ಲ. ಪಂದ್ಯದ ಬದಿಯಲ್ಲಿ ನಿಲ್ಲುವ ಸಾಂಪ್ರದಾಯಿಕ ಚಿಯರ್ ಮತ್ತು ಪಾಮ್ ತಂಡಗಳಿಗೆ ಮಾತ್ರ ಎನ್‌ಸಿಎಎಯ ಕ್ರೀಡಾ ಸ್ಥಾನವಿಲ್ಲ. ಜಾಗತಿಕ ಮಟ್ಟದಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಅಂತರರಾಷ್ಟ್ರೀಯ ಚಿಯರ್ ಒಕ್ಕೂಟಕ್ಕೆ 2016ರಲ್ಲಿ ತಾತ್ಕಾಲಿಕ ಮಾನ್ಯತೆಯನ್ನೂ 2021ರಲ್ಲಿ ಪೂರ್ಣ ಮಾನ್ಯತೆಯನ್ನೂ ನೀಡಿತು.

ಜನಾಂಗೀಯ ಪ್ರಾತಿನಿಧ್ಯ

ಚಿಯರ್‌ಲೀಡರ್ ಸ್ಥಾನವು ಶಿಕ್ಷಣ ಸಂಸ್ಥೆಯ ಮುಖವೆಂಬ ಭಾವನೆ ಇದ್ದುದರಿಂದ ಆಯ್ಕೆಯಲ್ಲಿನ ತಾರತಮ್ಯವು 1960ರ ದಶಕದಲ್ಲಿ ನಾಗರಿಕ ಹಕ್ಕುಗಳ ಹೋರಾಟಕ್ಕೂ ವಸ್ತುವಾಯಿತು. ಟೆಕ್ಸಾಸ್‌ನ ಕ್ರಿಸ್ಟಲ್ ಸಿಟಿಯ ಪ್ರೌಢಶಾಲೆಯಲ್ಲಿ ಮೆಕ್ಸಿಕನ್ ಮೂಲದ ವಿದ್ಯಾರ್ಥಿಗಳೇ ಬಹುಸಂಖ್ಯಾತರಾಗಿದ್ದರೂ ತಂಡದಲ್ಲಿ ಅವರಿಗೆ ಒಂದೇ ಸ್ಥಾನ ಸಿಗುತ್ತಿತ್ತು. ಇದರ ವಿರುದ್ಧದ ಅಸಮಾಧಾನವು 1969ರ ಡಿಸೆಂಬರ್‌ನಲ್ಲಿ ವಿದ್ಯಾರ್ಥಿಗಳ ತರಗತಿ ಬಹಿಷ್ಕಾರಕ್ಕೆ ದಾರಿಮಾಡಿತು. ಐತಿಹಾಸಿಕವಾಗಿ ಕಪ್ಪು ಜನಾಂಗದವರಿಗಾಗಿ ಸ್ಥಾಪಿತವಾದ ವಿಶ್ವವಿದ್ಯಾಲಯಗಳಲ್ಲಿ ಕಾಲಿನ ತಾಳ ಮತ್ತು ಚಪ್ಪಾಳೆಗೆ ಪ್ರಾಧಾನ್ಯ ನೀಡುವ ಪ್ರತ್ಯೇಕ ಶೈಲಿಯೊಂದು ಬೆಳೆದುಬಂದಿದೆ. ಇಂಥ ವಿಶ್ವವಿದ್ಯಾಲಯಗ‍ಳಲ್ಲಿ ಒಂದಾದ ಟೆಕ್ಸಾಸ್ ಸದರ್ನ್ 2023ರಲ್ಲಿ ಡೇಟೋನಾ ಬೀಚ್‌ನ ರಾಷ್ಟ್ರೀಯ ಸ್ಪರ್ಧೆಯ ತನ್ನ ವಿಭಾಗದಲ್ಲಿ ಪ್ರಶಸ್ತಿ ಪಡೆಯಿತು.

ಭಾರತದಲ್ಲಿ

ಭಾರತದಲ್ಲಿ ಚಿಯರ್‌ಲೀಡಿಂಗ್ ವ್ಯಾಪಕವಾಗಿ ಪರಿಚಯವಾದದ್ದು 2008ರಲ್ಲಿ ಇಂಡಿಯನ್ ಪ್ರೀಮಿಯರ್ ಲೀಗ್ ಆರಂಭವಾದಾಗ. ಬೆಂಗಳೂರಿನ ಎಂ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಮೊದಲ ಪಂದ್ಯಕ್ಕೆ ರಾಯಲ್ ಚಾಲೆಂಜರ್ಸ್ ತಂಡದ ಪರವಾಗಿ ಅಮೆರಿಕದ ವಾಷಿಂಗ್ಟನ್ ರೆಡ್‌ಸ್ಕಿನ್ಸ್ ಫುಟ್‌ಬಾಲ್ ತಂಡದ ಚಿಯರ್‌ಲೀಡರ್‌ಗಳನ್ನು ಕರೆಸಲಾಗಿತ್ತು. ಐಪಿಎಲ್‌ನಲ್ಲಿ ಕಾಣಸಿಗುವುದು ಸಂಭಾವನೆ ಪಡೆಯುವ ವೃತ್ತಿಪರ ನೃತ್ಯ ತಂಡಗಳು. ಬೌಂಡರಿ ಅಥವಾ ವಿಕೆಟ್ ಬಿದ್ದಾಗ ಕೆಲವು ಸೆಕೆಂಡುಗಳ ನೃತ್ಯ ಮಾಡುವುದು ಅವುಗಳ ಕೆಲಸ. ಅಮೆರಿಕದ ಕಾಲೇಜು ತಂಡಗಳ ಸದಸ್ಯರಾದರೋ ವಿದ್ಯಾರ್ಥಿಗಳೇ ಆಗಿದ್ದು, ಅವರ ಎತ್ತುವಿಕೆ, ಲಾಗ ಮತ್ತು ಸ್ಪರ್ಧೆಗಳ ಜಗತ್ತು ಇದಕ್ಕಿಂತ ಭಿನ್ನವಾಗಿದೆ.